ಗೃಹಪ್ರವೇಶಕ್ಕೆ ಮುನ್ನವೇ ಏಳುವ ಹೊಗೆ

ದೇವರಾಯನದುರ್ಗದ ನೆತ್ತಿಯ ಮೇಲೆ ನಿಂತು ಪಡುವಣ ದಿಕ್ಕಿಗೆ ಕಣ್ಣು ಹಾಯಿಸಿದರೆ ತುಮಕೂರು ನಗರ ಕಾಣುತ್ತದೆ. ತೆಂಗಿನ ತೋಟ, ಕೆರೆಯಂಗಳ, ರಾಗಿಯ ಹೊಲಗಳ ನಡುವೆ ಹೆಂಚಿನ ಮಾಡುಗಳ ಊರೊಂದು ಹರಡಿಕೊಂಡಿದ್ದ ಚಿತ್ರ ಹಿರಿಯರ ನೆನಪಿನಲ್ಲಿ ಇನ್ನೂ ಮಾಸಿಲ್ಲ. ಇಂದು ಅದೇ ಬಯಲಿನಲ್ಲಿ ಬೂದು ಬಣ್ಣದ ಕಟ್ಟಡಗಳು ಒಂದರ ಹೆಗಲಿಗೆ ಮತ್ತೊಂದು ತಾಗಿಕೊಂಡು ಮೇಲೇಳುತ್ತಿವೆ.

ಬೆಳೆಯದೆ ಬೇರೆ ದಾರಿಯೂ ಇಲ್ಲ. 2011ರ ಜನಗಣತಿಯಲ್ಲಿಯೇ ನಗರದ ಜನಸಂಖ್ಯೆ 3 ಲಕ್ಷವನ್ನು ಮೀರಿತ್ತು. 2016ರಲ್ಲಿ ತುಮಕೂರು ‘ಸ್ಮಾರ್ಟ್ ಸಿಟಿ’ಗಳ ಪಟ್ಟಿಗೆ ಸೇರಿತು. ವಸಂತನರಸಾಪುರದಲ್ಲಿ ಕಾರ್ಖಾನೆಗಳ ಸಾಲು ಹಬ್ಬಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಲೋಕಾರ್ಪಣೆಗೊಂಡಿತು. ಬೆಂಗಳೂರು–ಹಾಸನ ರೈಲುದಾರಿ 2017ರಲ್ಲಿ ಪೂರ್ಣಗೊಂಡು ಕುಣಿಗಲ್ಲು ರಾಜಧಾನಿಗೆ ಇನ್ನಷ್ಟು ಸಮೀಪವಾಯಿತು. ಕೆಲಸವಿದ್ದಲ್ಲಿಗೆ ಜನ ಬರುತ್ತಾರೆ. ಬಂದ ಜನಕ್ಕೆ ಮನೆ ಬೇಕು.

ಆದರೆ ಎಂಥ ಮನೆ? ಊರ ಹೊರಗಿನ ಬಡಾವಣೆಯಲ್ಲಿ ಒಂದು ನಿವೇಶನ ಕೊಂಡು ಸ್ವಂತ ಮನೆ ಕಟ್ಟಿಸುವುದೋ, ಊರೊಳಗೆ ಹತ್ತು ಅಂತಸ್ತಿನ ಕಟ್ಟಡದಲ್ಲಿ ಒಂದು ಫ್ಲಾಟು ಕೊಳ್ಳುವುದೋ ಎಂಬ ಚರ್ಚೆ ಇಂದು ಎಷ್ಟೋ ಮನೆಗಳಲ್ಲಿ ರಾತ್ರಿಯ ಊಟದ ಹೊತ್ತಿಗೆ ನಡೆಯುತ್ತಿದೆ. ಸಾಲ, ಕಂತು, ಮಕ್ಕಳ ಶಾಲೆ, ನೀರಿನ ಅನುಕೂಲ ಎಲ್ಲವೂ ಆ ಚರ್ಚೆಯಲ್ಲಿ ಬರುತ್ತವೆ. ಬಾರದಿರುವ ವಿಷಯ ಒಂದುಂಟು. ಆ ಮನೆಯಿಂದ ಏಳುವ ಹೊಗೆ ಎಷ್ಟು?

ಅಡಿಗೆಮನೆಯ ಹೊಗೆಯ ಮಾತಲ್ಲ ಇದು. ಭೂಮಿಯ ಬಿಸಿಯನ್ನು ಏರಿಸುತ್ತಿರುವ ಇಂಗಾಲಾಮ್ಲ ಅನಿಲದ ಮಾತು. ಜಗತ್ತಿನಲ್ಲಿ ಇಂಧನದ ಬಳಕೆಯಿಂದ ಹೊರಬೀಳುವ ಈ ಅನಿಲದ ಮೂರನೆಯ ಒಂದು ಪಾಲಿಗೂ ಹೆಚ್ಚು, ಕಟ್ಟಡಗಳನ್ನು ಕಟ್ಟುವುದರಿಂದ ಮತ್ತು ಅವುಗಳಲ್ಲಿ ವಾಸಿಸುವುದರಿಂದ ಹುಟ್ಟುತ್ತದೆ. ಒಂದು ಮನೆ ತನ್ನ ಆಯುಷ್ಯದಲ್ಲಿ ವಾಯುಮಂಡಲಕ್ಕೆ ಸೇರಿಸುವ ಈ ಭಾರಕ್ಕೆ ‘ಇಂಗಾಲದ ಹೆಜ್ಜೆಗುರುತು’ ಎಂದು ಹೆಸರು. ಮಳೆ ಒಂದು ವರ್ಷ ಬಂದು ಇನ್ನೊಂದು ವರ್ಷ ಕೈಕೊಡುವ ತುಮಕೂರು ಜಿಲ್ಲೆಯವರಿಗೆ, ಹವೆ ಕೆಟ್ಟರೆ ಬಾಳು ಹೇಗೆ ಕೆಡುತ್ತದೆಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ.

ಹಾಲು ಉಕ್ಕುವುದಕ್ಕೆ ಮೊದಲಿನ ಲೆಕ್ಕ

ಗುಬ್ಬಿಯಿಂದ ತಿಪಟೂರಿನತ್ತ ಹೋಗುವ ರೈಲುದಾರಿಯಲ್ಲಿ ಅಮ್ಮಸಂದ್ರವೆಂಬ ನಿಲ್ದಾಣವಿದೆ. ಅಲ್ಲಿಯ ಸಿಮೆಂಟು ಕಾರ್ಖಾನೆಯ ಹೆಸರನ್ನು ಕೇಳದವರು ಜಿಲ್ಲೆಯಲ್ಲಿ ವಿರಳ. ಸಿಮೆಂಟು ಹೇಗೆ ಹುಟ್ಟುತ್ತದೆಂಬುದನ್ನು ತಿಳಿದರೆ ಮನೆಯ ಹೊಗೆಯ ಗುಟ್ಟು ಅರ್ಧ ತಿಳಿದಂತೆ.

ಸುಣ್ಣಕಲ್ಲನ್ನು ಜೇಡಿಯೊಡನೆ ಪುಡಿಮಾಡಿ, ಸುಮಾರು 1450 ಡಿಗ್ರಿ ಉಷ್ಣದಲ್ಲಿ ಸುಡಬೇಕು. ಆ ಉರಿಗೆ ಬೇಕಾದ ಕಲ್ಲಿದ್ದಲಿನಿಂದ ಹೊಗೆ ಏಳುವುದು ಸರಿಯೇ. ಆದರೆ ಅದಕ್ಕಿಂತ ಹೆಚ್ಚಿನದು ಕಲ್ಲಿನ ಹೊಟ್ಟೆಯಿಂದಲೇ ಹೊರಡುತ್ತದೆ. ಶುದ್ಧವಾದ ಸುಣ್ಣಕಲ್ಲು 100 ಕಿಲೋ ಬೆಂದರೆ ಉಳಿಯುವ ಸುಣ್ಣ 56 ಕಿಲೋ. ಮಿಕ್ಕ 44 ಕಿಲೋ ಇಂಗಾಲಾಮ್ಲವಾಗಿ ಆಕಾಶಕ್ಕೆ ಏರುತ್ತದೆ. ಒಲೆಯನ್ನು ಎಷ್ಟೇ ಸುಧಾರಿಸಿದರೂ ಈ 44 ಕಿಲೋ ತಪ್ಪುವುದಿಲ್ಲ. ಆದುದರಿಂದಲೇ ಜಗತ್ತಿನ ಒಟ್ಟು ಇಂಗಾಲಾಮ್ಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟೊಂದರಿಂದಲೇ ಬರುತ್ತದೆ.

ಈಗ ಒಂದು ಮನೆಯ ಲೆಕ್ಕ ನೋಡೋಣ. ಸಾವಿರ ಚದರಡಿಯ ಕಾಂಕ್ರೀಟು ಮನೆಗೆ ಸುಮಾರು 400 ಚೀಲ ಸಿಮೆಂಟು, 4 ಟನ್ನು ಕಬ್ಬಿಣ ಎಂಬುದು ಮೇಸ್ತ್ರಿಗಳ ರೂಢಿಯ ಕೈಲೆಕ್ಕ. 400 ಚೀಲವೆಂದರೆ 20 ಟನ್ನು. ಅದರ ಹೊಗೆ 12 ಟನ್ನಿಗೆ ಕಡಮೆಯಿಲ್ಲ. ಭಾರತದಲ್ಲಿ ಒಂದು ಟನ್ನು ಉಕ್ಕು ತಯಾರಾಗುವಾಗ ಸುಮಾರು ಎರಡೂವರೆ ಟನ್ನು ಇಂಗಾಲಾಮ್ಲ ಏಳುತ್ತದೆ. ಅಲ್ಲಿಗೆ ಮತ್ತೆ 10 ಟನ್ನು. ಇಟ್ಟಿಗೆ, ಗಾಜು, ಬಣ್ಣ, ಲಾರಿಯ ಬಾಡಿಗೆ ಇವನ್ನೆಲ್ಲ ಬಿಟ್ಟರೂ 22 ಟನ್ನು ಆಯಿತು.

ಇದನ್ನು ವಿದ್ಯುತ್ತಿನೊಡನೆ ತೂಗಿ ನೋಡಿದರೆ ಆಶ್ಚರ್ಯವಾಗದಿರದು. ತಿಂಗಳಿಗೆ 100 ಯೂನಿಟ್ ಬಳಸುವ ಸಂಸಾರವೊಂದಿದೆ ಎನ್ನಿ. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕಿಲೋ ಇಂಗಾಲಾಮ್ಲ. ವರ್ಷಕ್ಕೆ 840 ಕಿಲೋ. ಅಂದರೆ ಮನೆ ಕಟ್ಟುವಾಗಲೇ ಎದ್ದ ಹೊಗೆ, ಆ ಮನೆಯ 26 ವರ್ಷಗಳ ವಿದ್ಯುತ್ತಿನ ಹೊಗೆಗೆ ಸಮ! ಗೃಹಪ್ರವೇಶದ ದಿನ ಒಲೆಯ ಮೇಲೆ ಹಾಲು ಉಕ್ಕುವ ಹೊತ್ತಿಗೆ ಮುಂದಿನ ಪೀಳಿಗೆಯ ಪಾಲಿನ ಹೊಗೆಯೂ ಆಕಾಶ ಸೇರಿಯಾಗಿರುತ್ತದೆ. ಉರಿಯುವ ದೀಪವನ್ನು ನಾಳೆ ಆರಿಸಬಹುದು; ಬೆಂದ ಸುಣ್ಣಕಲ್ಲನ್ನು ಹಿಂದಕ್ಕೆ ತರಲಾಗದು.

ಎತ್ತರಕ್ಕೆ ತೆರುವ ಸುಂಕ

ಹಾಗಾದರೆ ಒಂದೇ ಸೂರಿನಡಿ ನೂರು ಸಂಸಾರ ಸೇರಿಸುವ ಎತ್ತರದ ಕಟ್ಟಡವೇ ಮಿತವ್ಯಯವಲ್ಲವೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾದುದೇ. ಆದರೆ ಒತ್ತಾಗಿ ವಾಸಿಸುವುದು ಬೇರೆ, ಎತ್ತರದಲ್ಲಿ ವಾಸಿಸುವುದು ಬೇರೆ. ಇವೆರಡನ್ನೂ ಒಂದೇ ಎಂದು ತಿಳಿಯುವುದರಲ್ಲಿಯೇ ತಪ್ಪಿನ ಬೇರಿದೆ.

ಢಾಕಾ ಮೂಲದ ಫಜಲೂರ್ ರಹಮಾನ್ ಖಾನ್ ಎಂಬ ಇಂಜಿನಿಯರು ಅಮೆರಿಕದ ಷಿಕಾಗೋದಲ್ಲಿ ಒಂದು ಕಾಲಕ್ಕೆ ಜಗತ್ತಿಗೇ ಅತ್ಯುನ್ನತವೆನಿಸಿದ ಸಿಯರ್ಸ್ ಗೋಪುರದ ರಚನೆಯನ್ನು ರೂಪಿಸಿದವರು. ಎತ್ತರಕ್ಕೆ ಒಂದು ಸುಂಕವುಂಟು ಎಂಬುದನ್ನು ಅವರು ತೋರಿಸಿಕೊಟ್ಟರು. ಅಂತಸ್ತುಗಳು ಹೆಚ್ಚಿದಂತೆ ಕಟ್ಟಡ ತನ್ನ ಭಾರವನ್ನು ಹೊರುವುದಷ್ಟೇ ಅಲ್ಲ, ಗಾಳಿಯ ತಳ್ಳುವಿಕೆಗೂ ಎದೆಯೊಡ್ಡಬೇಕು. ಆ ಬಲಕ್ಕಾಗಿ ಬೇಕಾಗುವ ಉಕ್ಕು ಅಂತಸ್ತಿನ ಲೆಕ್ಕಕ್ಕಿಂತ ವೇಗವಾಗಿ ಏರುತ್ತದೆ. ಹತ್ತನೆಯ ಅಂತಸ್ತಿನ ಒಂದು ಚದರಡಿ, ಎರಡನೆಯ ಅಂತಸ್ತಿನ ಒಂದು ಚದರಡಿಯಷ್ಟು ಅಗ್ಗವಲ್ಲ. ಹಣದಲ್ಲಿಯೂ ಅಲ್ಲ, ಹೊಗೆಯಲ್ಲಿಯೂ ಅಲ್ಲ.

ಕಟ್ಟಿದ ಮೇಲೆಯೂ ಸುಂಕ ತಪ್ಪದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2017ರಲ್ಲಿ ಬ್ರಿಟನ್ನಿನ ಕಛೇರಿ ಕಟ್ಟಡಗಳನ್ನು ಪರೀಕ್ಷಿಸಿದಾಗ, ಇಪ್ಪತ್ತು ಅಂತಸ್ತಿಗೆ ಮೀರಿದವುಗಳಲ್ಲಿ ಒಂದೊಂದು ಚದರ ಮೀಟರಿನಿಂದ ಏಳುವ ಇಂಗಾಲಾಮ್ಲ, ಆರು ಅಂತಸ್ತಿನೊಳಗಿನವುಗಳಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಮೇಲೆ ಬಿಸಿಲು ಹೆಚ್ಚು, ಗಾಳಿ ಹೆಚ್ಚು, ನೆರಳು ಕೊಡುವ ಮರವಿಲ್ಲ.

ಹಾಗೆಂದು ಊರಾಚೆಯ ಒಂಟಿ ಮನೆಯೂ ನಿರ್ದೋಷಿಯಲ್ಲ. ಅದಕ್ಕೆ ರಸ್ತೆ ಬೇಕು, ನೀರಿನ ಕೊಳವೆ ಬೇಕು, ಚರಂಡಿ ಬೇಕು. ರಾಗಿ ಬೆಳೆವ ಹೊಲ ಹೋಗಬೇಕು. ಪೇಟೆಗೆ ಹತ್ತು ಕಿಲೋಮೀಟರು ದೂರದ ಬಡಾವಣೆಯಿಂದ ದಿನವೂ ಸ್ಕೂಟರಿನಲ್ಲಿ ಹೋಗಿಬಂದರೆ ವರ್ಷಕ್ಕೆ 275 ಕಿಲೋದಷ್ಟು ಇಂಗಾಲಾಮ್ಲ. ಮನೆಯಲ್ಲಿ ಎರಡು ಸ್ಕೂಟರಿದ್ದರೆ ಇಮ್ಮಡಿ. ತುಮಕೂರು, ಗುಬ್ಬಿ, ಕುಣಿಗಲ್ಲು ಮೂರಕ್ಕೂ ರೈಲು ನಿಲ್ದಾಣವಿದೆ. ನಿಲ್ದಾಣಕ್ಕೆ ನಡೆದುಹೋಗುವಷ್ಟು ಹತ್ತಿರದಲ್ಲಿ ಮನೆಗಳು ಒತ್ತಾಗಿದ್ದರೆ ಈ ಹೊಗೆಯ ಬಹುಪಾಲು ಹುಟ್ಟುವುದೇ ಇಲ್ಲ.

ಎರಡರ ನಡುವಿನ ದಾರಿ ಯಾವುದು? ಎಡಿನ್‌ಬರೋದ ನೇಪಿಯರ್ ವಿಶ್ವವಿದ್ಯಾಲಯದ ವಿದ್ವಾಂಸರು ಮತ್ತು ಅವರ ಸಹೋದ್ಯೋಗಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಹೇಳುತ್ತದೆ. ಕಟ್ಟುವ ಹೊಗೆ, ಬಾಳುವ ಹೊಗೆ ಎರಡನ್ನೂ ಕೂಡಿ ನೋಡಿದರೆ, ಎತ್ತರವಲ್ಲದ, ಆದರೆ ಒತ್ತಾದ ಮನೆಗಳ ಊರೇ ಹಗುರವಾದುದು. ಇದು ಪ್ಯಾರಿಸ್ ನಗರದ ಹಳೆಯ ಬೀದಿಗಳ ಮಾದರಿ. ನಾಲ್ಕೈದು ಅಂತಸ್ತು, ಮನೆಗೆ ಮನೆ ತಾಗಿಕೊಂಡು, ನಡುವೆ ಒಂದು ಅಂಗಳ. ಗೋಡೆಗೆ ಗೋಡೆ ಕೂಡಿ, ನಡುವೆ ತೊಟ್ಟಿಯಿಂದ ಗಾಳಿ ಬೆಳಕು ಪಡೆಯುತ್ತಿದ್ದ ಹಳೆಯ ಪೇಟೆಬೀದಿಯ ಮನೆಗಳನ್ನು ಕಂಡವರಿಗೆ ಈ ವಿಚಾರ ತೀರ ಹೊಸದಾಗಿ ತೋರಲಾರದು.

ಉಂಗ್ರದಲ್ಲಿ ಕಲಿತ ಪಾಠ

ಎಷ್ಟು ಎತ್ತರ ಎಂಬುದು ಒಂದು ಪ್ರಶ್ನೆಯಾದರೆ, ಯಾವುದರಿಂದ ಕಟ್ಟುವುದು ಎಂಬುದು ಇನ್ನೊಂದು. ಇದಕ್ಕೆ ಉತ್ತರ ಹುಡುಕಿದ ಪ್ರಯತ್ನಗಳಲ್ಲಿ ಒಂದರ ನಂಟು ಕುಣಿಗಲ್ ತಾಲ್ಲೂಕಿನೊಡನೆಯೇ ಇದೆಯೆಂಬುದು ಅನೇಕರಿಗೆ ತಿಳಿಯದು.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ಪ್ರಯೋಗಶಾಲೆಯ ವಿಜ್ಞಾನವನ್ನು ಹಳ್ಳಿಯ ಬಾಗಿಲಿಗೆ ಒಯ್ಯುವುದು ಅದರ ಗುರಿ. ಹಳ್ಳಿಯನ್ನು ದೂರದಿಂದ ಅರಿಯಲಾಗದೆಂದು ಅವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರವನ್ನು ತೆರೆದರು. ಸುತ್ತಲಿನ ಹಳ್ಳಿಗಳಲ್ಲಿ ಸೌದೆ ಎಷ್ಟು ಉರಿಯುತ್ತದೆ, ಅದನ್ನು ಹೊತ್ತು ತರುವ ಹೆಂಗಸರು ಎಷ್ಟು ನಡೆಯುತ್ತಾರೆ ಎಂಬುದನ್ನು ಅಳೆದರು. ಹೊಗೆಯನ್ನು ತಗ್ಗಿಸಿ ಸೌದೆ ಉಳಿಸುವ ‘ಅಸ್ತ್ರ ಒಲೆ’ ಅಂಥ ಕೆಲಸದ ಫಲ. ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ 1987ರಿಂದ ಸಗಣಿಯ ಅನಿಲದಿಂದ ವಿದ್ಯುತ್ತನ್ನು ತಯಾರಿಸಿ ಮನೆಗಳಿಗೆ ದೀಪ, ಕುಡಿಯಲು ಕೊಳಾಯಿಯ ನೀರು ಒದಗಿಸಿದ ಪ್ರಯೋಗ ದೇಶದ ಗಮನ ಸೆಳೆಯಿತು.

ಅಸ್ತ್ರದ ಇನ್ನೊಂದು ಕೈಂಕರ್ಯವೇ ಮಣ್ಣಿನ ಇಟ್ಟಿಗೆ. ಪ್ರೊಫೆಸರ್ ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಇದರಲ್ಲಿ ಮುಂದಾಳುಗಳು. ಮಣ್ಣಿಗೆ ತಕ್ಕಷ್ಟು ಮರಳನ್ನೂ ನೂರಕ್ಕೆ ಆರರಿಂದ ಎಂಟು ಪಾಲು ಸಿಮೆಂಟನ್ನೂ ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಕೆಲವು ವಾರ ನೀರು ಚಿಮುಕಿಸಿ ಹದಗೊಳಿಸುತ್ತಾರೆ. ಸುಡುವ ಗೂಡು ಬೇಡ, ಸೌದೆ ಬೇಡ. ಸುಟ್ಟ ಇಟ್ಟಿಗೆಗೆ ಬೇಕಾಗುವ ಶಕ್ತಿಯ ನಾಲ್ಕನೆಯ ಒಂದು ಪಾಲಿನಲ್ಲಿ ಈ ಇಟ್ಟಿಗೆ ಸಿದ್ಧ. ಮಣ್ಣು ಎಲ್ಲ ಕಡೆಯದೂ ಸಲ್ಲದು. ಜಿಗುಟು ಹೆಚ್ಚಾದ ಎರೆಮಣ್ಣು ಬಿರಿಯುತ್ತದೆ. ಆದುದರಿಂದ ಮಣ್ಣನ್ನು ಪರೀಕ್ಷಿಸಿ ಹದ ಮಾಡುವ ಕೈ ಬೇಕು.

2003ರಲ್ಲಿ ಬಿ. ವಿ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು ಪ್ರಕಟಿಸಿದ ಲೆಕ್ಕಾಚಾರ ಇಂದಿಗೂ ವಿದ್ವಾಂಸರ ಕೈಯಲ್ಲಿ ಓಡಾಡುತ್ತಿದೆ. ಕಾಂಕ್ರೀಟಿನ ಕಂಬ ತೊಲೆಗಳ, ಸುಟ್ಟ ಇಟ್ಟಿಗೆಯ ಬಹುಮಹಡಿ ಕಟ್ಟಡದ ಒಂದು ಚದರ ಮೀಟರಿಗೆ 4.21 ಗಿಗಾಜೂಲ್ ಶಕ್ತಿ ತಗಲುತ್ತದೆ. ಗೋಡೆಯೇ ಭಾರ ಹೊರುವ ಎರಡಂತಸ್ತಿನ ಇಟ್ಟಿಗೆ ಮನೆಗೆ 2.92. ಅದೇ ಎರಡಂತಸ್ತು ಮಣ್ಣು–ಸಿಮೆಂಟಿನ ಇಟ್ಟಿಗೆಯದಾಗಿ, ತಾರಸಿಯಲ್ಲಿಯೂ ಮಿತವಾದ ಕಾಂಕ್ರೀಟು ಬಳಸಿದ್ದಾದರೆ 1.61 ಮಾತ್ರ. ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ಅಂತರ ಸಾವಿರ ಚದರಡಿಗೆ ಸುಮಾರು 240 ಗಿಗಾಜೂಲ್. ಮನೆಮಾತಿನಲ್ಲಿ ಹೇಳುವುದಾದರೆ, ಒಂದೊಂದು ಮನೆಗೆ ಹನ್ನೆರಡು ಹದಿಮೂರು ಟನ್ನು ಕಲ್ಲಿದ್ದಲಿನ ಉಳಿತಾಯ!

ಎತ್ತರ ಅನಿವಾರ್ಯವಾದರೆ

ಹತ್ತಂತಸ್ತಿನ ಕಟ್ಟಡವನ್ನು ಮಣ್ಣಿನ ಗೋಡೆಯ ಮೇಲೆ ನಿಲ್ಲಿಸಲು ಸಾಧ್ಯವಿಲ್ಲ, ನಿಜ. ಅಂಥ ಇಟ್ಟಿಗೆ ಎರಡು ಮೂರು ಅಂತಸ್ತಿನ ಭಾರ ಹೊರುತ್ತದೆ. ಅದರ ಮೇಲೆ ಕಂಬಗಳೇ ಬೇಕು. ಆದರೆ ಕಂಬಗಳ ನಡುವಿನ ಗೋಡೆ ಭಾರ ಹೊರುವುದಿಲ್ಲ, ಬರಿಯ ಮರೆ. ಅಲ್ಲಿ ಸುಟ್ಟ ಇಟ್ಟಿಗೆಯೇ ಬೇಕೆಂಬ ನಿಯಮವಿಲ್ಲ.

ಸಿಮೆಂಟಿನಲ್ಲಿಯೂ ಆಯ್ಕೆಯುಂಟು. ಕಲ್ಲಿದ್ದಲು ಉರಿಸುವ ವಿದ್ಯುದಾಗಾರಗಳ ಹಾರುಬೂದಿಯನ್ನು ನೂರಕ್ಕೆ 35ರವರೆಗೂ, ಉಕ್ಕಿನ ಕುಲುಮೆಯ ಕಿಟ್ಟವನ್ನು ನೂರಕ್ಕೆ 70ರವರೆಗೂ ಬೆರೆಸಿದ ಸಿಮೆಂಟುಗಳಿಗೆ ಭಾರತೀಯ ಮಾನಕ ಸಂಸ್ಥೆಯ ಒಪ್ಪಿಗೆಯಿದೆ. ರಾಯಚೂರಿನಲ್ಲಿ ಬೂದಿಯೂ ತೋರಣಗಲ್ಲಿನಲ್ಲಿ ಕಿಟ್ಟವೂ ದೊರೆಯುವ ನಾಡಿಗೆ ಇದು ಎಟುಕದ ವಸ್ತುವಲ್ಲ. ಕಡಮೆ ಉಷ್ಣದಲ್ಲಿ ಬೇಯಿಸಿದ ಜೇಡಿಯನ್ನೂ, ಸುಡದ ಸುಣ್ಣಕಲ್ಲಿನ ಪುಡಿಯನ್ನೂ ಬೆರೆಸಿದ ಹೊಸ ಸಿಮೆಂಟಿಗೆ 2023ರಲ್ಲಿ ಮಾನಕ ಬಂದಿದೆ. ಅದರಿಂದ ಹೊಗೆ ನೂರಕ್ಕೆ 40ರಷ್ಟು ತಗ್ಗೀತೆಂದು ವಿಜ್ಞಾನಿಗಳ ಅಂದಾಜು.

ಇನ್ನು ತಾರಸಿ. ತಾರಸಿಯ ಹಲಗೆಯ ಕೆಳಭಾಗದ ಕಾಂಕ್ರೀಟು ಹೆಚ್ಚಿನ ಕೆಲಸ ಮಾಡುವುದಿಲ್ಲ. ಅಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣ. ಆ ಜಾಗದಲ್ಲಿ ಮಂಗಳೂರು ಹೆಂಚನ್ನೋ ಮಣ್ಣಿನ ಇಟ್ಟಿಗೆಯನ್ನೋ ಇಟ್ಟು ಕಾಂಕ್ರೀಟನ್ನು ಉಳಿಸುವ ವಿಧಾನವನ್ನು ಕೇರಳದಲ್ಲಿ ಲಾರಿ ಬೇಕರ್ ಬಳಕೆಗೆ ತಂದರು. ಇಂಜಿನಿಯರಿನ ಲೆಕ್ಕದೊಡನೆ ಮಾಡಿದರೆ ಬಲಕ್ಕೆ ಕೊರತೆಯಿಲ್ಲ, ಮನೆಯೂ ತಂಪು.

ಸೂರು ಎಷ್ಟು ಜನಕ್ಕೆ?

ಒಳಗೆ ಬಂದು ಸಂಸಾರ ಹೂಡಿದ ಮೇಲೆ ಲೆಕ್ಕದ ಎರಡನೆಯ ಅಧ್ಯಾಯ ಆರಂಭವಾಗುತ್ತದೆ. ಇಲ್ಲಿಯೂ ಎತ್ತರದ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ.

ಒಂದೊಂದು ಅಂತಸ್ತಿಗೆ ನಾಲ್ಕು ಮನೆಗಳ ಕಟ್ಟಡ. ಮೇಲೆ 4,000 ಚದರಡಿಯ ತಾರಸಿ. ಅದರ ಅರ್ಧದಲ್ಲಿ ಸೌರ ಫಲಕಗಳನ್ನು ಹಾಕಿದರೆ 20 ಕಿಲೋವಾಟ್; ದಿನಕ್ಕೆ ಸುಮಾರು 80 ಯೂನಿಟ್. ಕಟ್ಟಡ ನಾಲ್ಕಂತಸ್ತಿನದಾದರೆ 16 ಸಂಸಾರ, ತಲಾ ತಿಂಗಳಿಗೆ 150 ಯೂನಿಟ್. ಹತ್ತಂತಸ್ತಿನದಾದರೆ 40 ಸಂಸಾರ, ತಲಾ 60 ಯೂನಿಟ್ ಮಾತ್ರ; ಅದರಲ್ಲಿಯೇ ಲಿಫ್ಟು, ಮೆಟ್ಟಿಲ ದೀಪ, ಪಂಪುಗಳ ಪಾಲೂ ಕಳೆಯಬೇಕು. ಸೂರ್ಯನ ಔದಾರ್ಯಕ್ಕೆ ಕೊರತೆಯಿಲ್ಲ, ಸೂರೇ ಸಾಲದು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ, ವಸತಿ ಸಂಘಗಳ ಸಾಮಾನ್ಯ ಬಳಕೆಯ ಸೌರ ಫಲಕಗಳಿಗೆ ಕಿಲೋವಾಟಿಗೆ 18,000 ರೂಪಾಯಿಯ ಸಹಾಯಧನ ಗೊತ್ತುಮಾಡಲಾಯಿತು.

ನೀರಿನ ಲೆಕ್ಕ ಇನ್ನೂ ವಿಚಿತ್ರ. ಐದು ಜನರ ಸಂಸಾರದ ದಿನದ ನೀರು ಸುಮಾರು 675 ಲೀಟರು. ಅದನ್ನು ಹತ್ತನೆಯ ಅಂತಸ್ತಿಗೆ ಏರಿಸಲು ತಿಂಗಳಿಗೆ ನಾಲ್ಕು ಯೂನಿಟ್ ಸಾಕು. ಆದರೆ ಅದೇ ನೀರನ್ನು ಸಾವಿರ ಅಡಿಯ ಕೊಳವೆ ಬಾವಿಯಿಂದ ಎತ್ತುವುದಾದರೆ 35 ಯೂನಿಟ್ಟಿಗೂ ಮೇಲೆ! ಆಕಾಶಕ್ಕಿಂತ ಪಾತಾಳವೇ ದುಬಾರಿ. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿಯ ನೀರು ಬರುತ್ತದೆ. ಅದು ಸಾಲದಾದಾಗ ಕೊಳವೆ ಬಾವಿಯೇ ಗತಿ. ತಾರಸಿಯ ಮಳೆನೀರನ್ನು ತೊಟ್ಟಿಗೆ ಇಳಿಸುವವರು ನೀರನ್ನಷ್ಟೇ ಅಲ್ಲ, ಹೊಗೆಯನ್ನೂ ಉಳಿಸುತ್ತಾರೆ. ವರ್ಷಕ್ಕೆ 600 ಮಿಲಿಮೀಟರು ಮಳೆಯಾದರೂ ಸಾವಿರ ಚದರಡಿಯ ತಾರಸಿಯಿಂದ 45,000 ಲೀಟರು ಸಿಕ್ಕುತ್ತದೆ.

ಪಂಪು ಯಾವಾಗ ಓಡಬೇಕೆಂಬುದೂ ಮುಖ್ಯ. ಇದೇ ಜಿಲ್ಲೆಯ ಪಾವಗಡದಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನ 2019ರ ಕೊನೆಗೆ ಪೂರ್ಣಗೊಂಡಿತು. ಅದರ ಬೆಳೆ ಹಗಲಿನದು. ಮುಂಜಾವಿನ ಕತ್ತಲಲ್ಲಿ ಓಡುವ ಪಂಪು ಹೆಚ್ಚಾಗಿ ಕಲ್ಲಿದ್ದಲನ್ನು ಕುಡಿದರೆ, ನಡುಹಗಲಲ್ಲಿ ಓಡುವುದು ಬಿಸಿಲನ್ನು ಕುಡಿಯುತ್ತದೆ. ಕಾವಲುಗಾರನಿಗೆ ಹೇಳಿ ಹೊತ್ತನ್ನು ಬದಲಿಸಲು ಕಾಸಿನ ಖರ್ಚಿಲ್ಲ.

ಹಾಗೆಯೇ ಕೆಲವು ಸಣ್ಣ ಕೆಲಸಗಳಿವೆ. ಹಳೆಯ 75 ವಾಟಿನ ಫ್ಯಾನಿನ ಬದಲು 28 ವಾಟಿನದು. ಮೇಲಂತಸ್ತಿನ ತಾರಸಿಗೆ ಬೇಸಗೆಗೆ ಮುನ್ನ ಬಿಳಿಯ ಸುಣ್ಣ. ಪಡುವಣ ಕಿಟಕಿಗೆ ಅಗಲವಾದ ಸಜ್ಜೆ. ಅಂಗಳದಲ್ಲಿ ಒಂದೆರಡು ಹೊಂಗೆಯ ಗಿಡ. ಮನೆಯ ಗೋಡೆ ಕಿಟಕಿಗಳಿಂದ ಒಳಬರುವ ಕಾವಿಗೆ ಮಿತಿ ಹೇಳುವ ‘ಇಕೋ ನಿವಾಸ ಸಂಹಿತೆ’ಯನ್ನು ಕೇಂದ್ರ ಸರಕಾರ 2018ರಲ್ಲಿ ಹೊರತಂದಿದೆ. 2023ರ ಗೃಹಜ್ಯೋತಿಯಿಂದ ಎಷ್ಟೋ ಮನೆಗಳ ವಿದ್ಯುತ್ ಬಿಲ್ಲು ಸೊನ್ನೆಯಾಯಿತು; ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ಹೊಗೆ ಸೊನ್ನೆಯಾಗದು.

ಕೇಳಬೇಕಾದ ಪ್ರಶ್ನೆಗಳು

ಬೆಂಗಳೂರು ಬಹುಮಟ್ಟಿಗೆ ಕಟ್ಟಿ ಮುಗಿದ ಊರು. ಅಲ್ಲಿಯ ಗೋಪುರಗಳನ್ನು ಕೆಡವಿ ಮತ್ತೆ ಕಟ್ಟಹೊರಟರೆ ಹೊಗೆ ಇಮ್ಮಡಿಸುವುದೇ ಹೊರತು ತಗ್ಗದು. ಆದರೆ ತುಮಕೂರಿನ ಅಂಚು, ಗುಬ್ಬಿಯ ಹೊಸ ಬೀದಿಗಳು, ಕುಣಿಗಲ್ಲಿನ ರೈಲು ನಿಲ್ದಾಣದ ಸುತ್ತಣ ಬಯಲು ಇನ್ನೂ ರೂಪುಗೊಳ್ಳುತ್ತಿವೆ. ಇಂದು ಏಳುವ ಗೋಡೆ ಐವತ್ತು ಅರುವತ್ತು ವರ್ಷ ನಿಲ್ಲುತ್ತದೆ. ಇಂದು ತಪ್ಪಿದ ಲೆಕ್ಕವನ್ನು ಮೊಮ್ಮಕ್ಕಳು ತೀರಿಸಬೇಕಾಗುತ್ತದೆ.

ನಿಯಮಗಳನ್ನು ಮಾಡುವುದು ಸರಕಾರದ, ನಗರಸಭೆಗಳ ಕೆಲಸ. ಆದರೆ ಕೊಳ್ಳುವವರು ಕೇಳದ ವಸ್ತುವನ್ನು ಯಾವ ಅಂಗಡಿಯವನೂ ತರಿಸುವುದಿಲ್ಲ. ಫ್ಲಾಟು ನೋಡಲು ಹೋದ ಸಂಸಾರ ನೆಲದ ಕಲ್ಲು ಇಟಲಿಯದೋ, ಬಾಗಿಲು ತೇಗದ್ದೋ ಎಂದು ವಿಚಾರಿಸುವುದುಂಟು. ಅದರ ಜೊತೆಗೆ ಇನ್ನು ನಾಲ್ಕು ಮಾತು ಕೇಳಬಹುದು: ಇಲ್ಲಿ ಬಳಸಿದ ಸಿಮೆಂಟು ಯಾವುದು? ಗೋಡೆ ಸುಟ್ಟ ಇಟ್ಟಿಗೆಯದೋ, ಸುಡದ್ದೋ? ತಾರಸಿಯಲ್ಲಿ ಬಿಸಿಲಿಗೂ ಮಳೆಗೂ ಜಾಗವಿದೆಯೋ? ನಿಲ್ದಾಣಕ್ಕೂ ಶಾಲೆಗೂ ನಡೆದು ಹೋಗಬಹುದೋ? ಇಷ್ಟು ಕೇಳಲು ವಿಜ್ಞಾನಿಯಾಗಬೇಕಿಲ್ಲ. ಸಂತೆಯಲ್ಲಿ ಬದನೆಕಾಯಿಯನ್ನು ತಿರುಗಿಸಿ ನೋಡಿ ಕೊಳ್ಳುವ ಗೃಹಿಣಿಯ ಜಾಣತನ ಸಾಕು.

ಹೊಸ ಮನೆಯ ಒಲೆಯ ಮೇಲೆ ಹಾಲು ಉಕ್ಕಬೇಕು, ಅದು ಶುಭ. ಆ ಹಾಲು ಉಕ್ಕುವ ಮುನ್ನ ಎದ್ದ ಹೊಗೆ ಎಷ್ಟೆಂದು ಮನೆಯೊಡೆಯನಿಗೂ ಒಡತಿಗೂ ತಿಳಿದಿದ್ದರೆ, ಆ ಶುಭ ನೆರೆಹೊರೆಗೂ ಮುಂದಿನವರಿಗೂ ಸಲ್ಲುತ್ತದೆ.